ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಯಾರು ಹೊಣೆ? ಕಾಮಗೆರೆ ರಸ್ತೆಯಿಂದ ಒಂದು ಚರಿತ್ರೆ

ಕೊಳ್ಳೇಗಾಲ ಬಿಟ್ಟು ಮಧುವನಹಳ್ಳಿ ದಾಟಿ ಹನೂರಿನ ಕಡೆ ಹೊರಟರೆ ನಡುವೆ ಸಿಗುವ ಊರು ಕಾಮಗೆರೆ. ಇದೇ ರಸ್ತೆ ಮುಂದೆ ಹನೂರು, ಕೌದಳ್ಳಿ, ತಾಳಬೆಟ್ಟ ದಾಟಿ ಮಲೆ ಮಹದೇಶ್ವರ ಬೆಟ್ಟ ಹತ್ತುತ್ತದೆ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿ ಬಂತೆಂದರೆ ಇಲ್ಲಿ ಬಸ್ಸು, ಕಾರು, ಬೈಕು, ಟೆಂಪೊ ಸಾಲುಗಟ್ಟುತ್ತವೆ. ಉಳಿದ ದಿನಗಳಲ್ಲಿ ಇದು ರೇಷ್ಮೆಗೂಡಿನ ರಸ್ತೆ, ಅರಿಶಿನದ ರಸ್ತೆ, ಹಾಲಿನ ಕ್ಯಾನಿನ ರಸ್ತೆ, ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ ರೋಗಿಗಳನ್ನು ಕರೆತರುವ ರಸ್ತೆ.

ಇಂಥ ರಸ್ತೆಯಲ್ಲಿ ಗಾಡಿ ಕೈಕೊಟ್ಟರೆ ಕೆಡುವುದು ಗಾಡಿ ಮಾತ್ರವಲ್ಲ. ಗೂಡು ಬಿಡಿಸಿದ ಮೇಲೆ ಕೆಲವೇ ದಿನಗಳಲ್ಲಿ ಮಾರಬೇಕು. ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬಂದರೆ ನೂಲು ಬಿಚ್ಚಲು ಬರುವುದಿಲ್ಲ. ಬಿಸಿಲಿಗೆ ಹಾಲು ತಡೆಯುವುದಿಲ್ಲ. ಹೆರಿಗೆ ನೋವು ಮೆಕ್ಯಾನಿಕ್ ಬರುವವರೆಗೆ ಕಾಯುವುದಿಲ್ಲ. ಬೆಟ್ಟದ ದಾರಿಯಲ್ಲಿ ಕತ್ತಲಾದರೆ ಆನೆಯ ಭಯ ಬೇರೆ.

ಹಾಗಾದರೆ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಯಾರು ಹೊಣೆ? ಓಡಿಸುವವರೇ, ಮಾರಿದ ಶೋರೂಮಿನವರೇ, ತಯಾರಿಸಿದ ಕಂಪನಿಯೇ? ನೂರು ವರ್ಷಗಳಲ್ಲಿ ಈ ಪ್ರಶ್ನೆಯ ಉತ್ತರ ಹಲವು ಸಲ ಬದಲಾಗಿದೆ. ಅದು ಹೇಗೆ ಬದಲಾಯಿತು ಎಂದು ತಿಳಿದಿದ್ದರೆ, ಮುಂದಿನ ಸಲ ಶೋರೂಮಿಗೆ ಫೋನ್ ಮಾಡುವಾಗ ನಮ್ಮ ದನಿ ಸ್ವಲ್ಪ ಗಟ್ಟಿಯಾಗುತ್ತದೆ.

ಅಚ್ಚು ಮುರಿದರೆ ಮುಂದಿನ ಊರಲ್ಲಿ ಕುಲುಮೆ

ಎತ್ತಿನ ಗಾಡಿ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಗಾಡಿ ಮಾಡಿದವರು ಊರಿನ ಬಡಗಿ ಮತ್ತು ಕಮ್ಮಾರ. ದಾರಿಯಲ್ಲಿ ಅಚ್ಚು ಮುರಿದರೂ, ಕಡಾಣಿ ಕಳಚಿದರೂ, ಚಕ್ರದ ಕಬ್ಬಿಣದ ಪಟ್ಟೆ ಸಡಿಲವಾದರೂ ಮುಂದಿನ ಊರಿನಲ್ಲೂ ಒಬ್ಬ ಬಡಗಿ, ಒಂದು ಕುಲುಮೆ ಇದ್ದೇ ಇರುತ್ತಿತ್ತು. ಒಂದು ಊರಿನ ಗಾಡಿಯನ್ನು ಇನ್ನೊಂದು ಊರಿನವರು ರಿಪೇರಿ ಮಾಡಬಲ್ಲವರಾಗಿದ್ದರು. ಗಾಡಿಯ ಒಳಗುಟ್ಟು ಯಾರ ಬಳಿಯೂ ಬೀಗ ಹಾಕಿಕೊಂಡು ಕೂತಿರಲಿಲ್ಲ.

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಈ ಒಳಗುಟ್ಟು ಊರಿನ ಕೈಯಿಂದ ಕಂಪನಿಯ ಕೈಗೆ ಹೋದ ಕಥೆ.

ತವರಿಗೆ ಹೊರಟ ಕಾರು

ಮೋಟಾರು ಗಾಡಿಯಲ್ಲಿ ಮೊದಲ ದೂರ ಪ್ರಯಾಣ ನಡೆದದ್ದು ಜರ್ಮನಿಯಲ್ಲಿ, 1888ರ ಆಗಸ್ಟ್ ತಿಂಗಳಲ್ಲಿ. ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ದೂರ ಸುಮಾರು 100 ಕಿಲೋಮೀಟರ್. ಮೋಟಾರು ರಿಪೇರಿ ಅಂಗಡಿ ಎಂಬುದು ಆಗ ಎಲ್ಲಿಯೂ ಇರಲಿಲ್ಲ.

ಇಂಧನದ ಕೊಳವೆ ಕಟ್ಟಿಕೊಂಡಾಗ ಆಕೆ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದರು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರರ ಬಳಿ ಚರ್ಮ ಹೊಡೆಸಿದರು. ಸರಪಳಿಯನ್ನು ಕಮ್ಮಾರರು ಸರಿಮಾಡಿದರು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು. ಅಂದರೆ ಜಗತ್ತಿನ ಮೊದಲ ಕಾರನ್ನೂ ಊರೂರಿನ ಕಸುಬುದಾರರೇ ಮನೆ ಮುಟ್ಟಿಸಿದರು.

ಆಕೆ ಮನೆಗೆ ಮರಳಿ ಒಂದು ಮಾತು ಹೇಳಿದರು: ಏರು ಹತ್ತಲು ಇನ್ನೊಂದು ಗೇರು ಬೇಕು. ಬೆಂಜ್ ಅದನ್ನು ಅಳವಡಿಸಿದರು. ದಾರಿಯಲ್ಲಿ ಪಟ್ಟ ಪಾಡು ತಯಾರಕರ ಕಿವಿಗೆ ಬಿದ್ದು ಗಾಡಿ ಸುಧಾರಿಸಿದ ಮೊದಲ ಉದಾಹರಣೆ ಇದು. ಗ್ರಾಹಕರ ದೂರು ಎಂದರೆ ಕಿರಿಕಿರಿ ಎಂದುಕೊಳ್ಳುವ ಕಂಪನಿಗಳು ಇದನ್ನು ನೆನೆಯಬೇಕು.

ಮುಂದೆ 1908ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರು ತಂದಾಗ ಡೀಲರ್ ಎಂಬ ವ್ಯವಸ್ಥೆ ಊರೂರಿಗೆ ಹಬ್ಬಿತು. ಡೀಲರ್ ಎಂದರೆ ಬರೀ ಮಾರಿ ಕೈತೊಳೆದುಕೊಳ್ಳುವವರಲ್ಲ. ಬಿಡಿಭಾಗ ಇಟ್ಟುಕೊಂಡು, ಕೆಟ್ಟದ್ದನ್ನು ಸರಿಮಾಡಿಕೊಡುವವರು ಎಂಬ ಅರ್ಥ ಅಂದಿನಿಂದಲೇ ಇದೆ.

ನಾವು ಮದ್ರಾಸಿಗೆ ಸೇರಿದ್ದ ಕಾಲ

ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸ್ ಕಡೆಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಹಾಗಾಗಿ ಮೋಟಾರು ಯುಗದ ಮೊದಲ ಅರ್ಧ ಶತಮಾನದಲ್ಲಿ ನಮ್ಮ ಕಚೇರಿ ವ್ಯವಹಾರವೆಲ್ಲ ತಮಿಳು ಸೀಮೆಯ ಕಡೆಗೇ ಇತ್ತು.

ಆ ಸೀಮೆಯಲ್ಲಿ ಗಾಡಿ ವ್ಯಾಪಾರಕ್ಕೆ ಹೆಸರಾದವರು ಮದುರೆಯ ಟಿ.ವಿ. ಸುಂದರಂ ಅಯ್ಯಂಗಾರ್. 1911ರಲ್ಲಿ ಶುರುವಾದ ಅವರ ಸಂಸ್ಥೆಯೇ ಮುಂದೆ ಟಿವಿಎಸ್ ಎಂದು ಮನೆಮಾತಾಯಿತು. ಮೊದಲು ಬಸ್ಸು ಓಡಿಸಿದರು, ಆಮೇಲೆ ಜನರಲ್ ಮೋಟಾರ್ಸ್ ಗಾಡಿಗಳ ಡೀಲರ್ ಆದರು. ಅವರ ಬಸ್ಸು ಬರುವುದನ್ನು ನೋಡಿ ಜನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು, ಟೈರು ಪಂಚರ್ ಆಗದಿರಲಿ ಎಂದು ರಸ್ತೆಯ ಲಾಳದ ಮೊಳೆ ಎತ್ತಲು ಅಯಸ್ಕಾಂತ ಕಟ್ಟಿದ ಗಾಡಿಯನ್ನು ಓಡಿಸುತ್ತಿದ್ದರು ಎಂಬ ಮಾತುಗಳು ಇಂದಿಗೂ ಪ್ರಚಲಿತ. ಗಾಡಿ ನಿಂತ ಮೇಲೆ ಓಡಿಹೋಗುವುದಕ್ಕಿಂತ ನಿಲ್ಲದಂತೆ ನೋಡಿಕೊಳ್ಳುವುದೇ ಒಳ್ಳೆಯ ಸೇವೆ ಎಂಬ ತಿಳಿವಳಿಕೆ ಅದರಲ್ಲಿತ್ತು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದಾದಾಗ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳು ಬಂದವು. ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು, ಅದರ ಗಾಳಿ ತಿರುಗಿಸಲು ಕ್ಲೀನರ್. ಏರಿನಲ್ಲಿ ಉಸಿರು ಕಟ್ಟಿ ನಿಂತರೆ ಪ್ರಯಾಣಿಕರೇ ಇಳಿದು ತಳ್ಳಬೇಕು. ಆ ಕಾಲದ ಡ್ರೈವರ್ ಅರ್ಧ ಮೆಕ್ಯಾನಿಕ್, ಕ್ಲೀನರ್ ಕಾಲು ಮೆಕ್ಯಾನಿಕ್. ಹೊಣೆ ಗಾಡಿಯೊಳಗೇ ಕೂತು ಪ್ರಯಾಣ ಮಾಡುತ್ತಿತ್ತು.

ಅದೇ ಟಿಕೆಟ್‌ನಲ್ಲಿ ಮುಂದಿನ ಬಸ್ಸು

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. ಅದೇ ಇಂದಿನ ಕೆಎಸ್‌ಆರ್‌ಟಿಸಿ.

ಸರ್ಕಾರಿ ಬಸ್ಸಿನಿಂದ ನಮಗೆ ಅಭ್ಯಾಸವಾದ ಒಂದು ಪದ್ಧತಿ ಇದೆ. ಬಸ್ಸು ಕೆಟ್ಟರೆ ಕಂಡಕ್ಟರ್ ಕೈ ಅಡ್ಡ ಹಾಕಿ ಮುಂದಿನ ಬಸ್ಸು ನಿಲ್ಲಿಸುತ್ತಾರೆ, ಅದೇ ಟಿಕೆಟ್‌ನಲ್ಲಿ ನಮ್ಮನ್ನು ಹತ್ತಿಸುತ್ತಾರೆ. ಕೂರಲು ಜಾಗ ಸಿಗದಿರಬಹುದು, ಒಂದು ಗಂಟೆ ಕಾಯಬೇಕಾಗಬಹುದು. ಆದರೆ ‘ಬಸ್ಸು ಕೆಟ್ಟಿದೆ, ನಿಮ್ಮ ಪಾಡು ನಿಮ್ಮದು’ ಎಂದು ಹೊರಟುಹೋಗುವುದಿಲ್ಲ. ಗ್ರಾಹಕ ಸೇವೆ ಎಂಬ ದೊಡ್ಡ ಮಾತಿನ ಸರಳ ಅರ್ಥ ಇಷ್ಟೇ. ಬಸ್ಸು ರಿಪೇರಿ ಯಾವಾಗಲಾದರೂ ಆಗಲಿ, ಹೊರಟವರು ಮೊದಲು ಊರು ಸೇರಬೇಕು. ಖಾಸಗಿ ಗಾಡಿ ಕೊಂಡವರಿಗೆ ಇಷ್ಟು ಭರವಸೆ ಸಿಗಲು ಇನ್ನೂ ಬಹಳ ವರ್ಷ ಬೇಕಾಯಿತು.

ಜಾವಾ, ಚೇತಕ್, ಟಿವಿಎಸ್ 50

1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸಲು ಶುರು ಮಾಡಿತು. 1973ರಿಂದ ಅದೇ ಬೈಕು ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಗಾಡಿ. ಪ್ಲಗ್ಗಿಗೆ ಮಸಿ ಕಟ್ಟಿದರೆ ನಿಂತುಬಿಡುತ್ತಿತ್ತು. ಸವಾರರು ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಊದಿ, ಮತ್ತೆ ಹಾಕಿ ಕಿಕ್ ಹೊಡೆಯುತ್ತಿದ್ದರು. ಸೀಟಿನ ಕೆಳಗೆ ಒಂದು ಸ್ಪೇರ್ ಪ್ಲಗ್, ಒಂದು ಕ್ಲಚ್ ಕೇಬಲ್ ಇದ್ದರೆ ಧೈರ್ಯ.

ಅದು ಲೈಸೆನ್ಸ್ ರಾಜ್ಯದ ಕಾಲ. ಎಷ್ಟು ಗಾಡಿ ತಯಾರಿಸಬೇಕು ಎಂದು ಸರ್ಕಾರವೇ ಹೇಳುತ್ತಿತ್ತು. ಬಜಾಜ್ ಚೇತಕ್ ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಕೊಳ್ಳುವವರು ಸಾಲಿನಲ್ಲಿ ನಿಂತಿದ್ದಾಗ ಮಾರುವವರು ಸೇವೆಯ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ’ ಅನ್ನುತ್ತೇವಲ್ಲ, ಇಲ್ಲಿ ಗಾದೆ ತಿರುಗುಮುರುಗು: ದುಡ್ಡು ಎಣಿಸಿಕೊಂಡ ಮೇಲೆ ಅಂಬಿಗನಿಗೇ ನಮ್ಮ ಹಂಗು ಇರಲಿಲ್ಲ.

ಆದರೂ ಜನ ಬದುಕಿದರು. ಯಾಕೆಂದರೆ ರಿಪೇರಿಯ ವಿದ್ಯೆ ಇನ್ನೂ ರಸ್ತೆ ಬದಿಯಲ್ಲೇ ಇತ್ತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂದಾಗ ನಮ್ಮ ಹಳ್ಳಿಗಳ ಬದುಕೇ ಬದಲಾಯಿತು. ಹುಲ್ಲಿನ ಹೊರೆ, ಹಾಲಿನ ಕ್ಯಾನು, ಗೊಬ್ಬರದ ಚೀಲ, ಹೆಂಡತಿ ಮಕ್ಕಳು ಎಲ್ಲ ಅದರ ಮೇಲೆಯೇ. ಅದು ನಿಂತರೆ ಪೆಡಲ್ ತುಳಿದಾದರೂ ಮನೆ ಸೇರಬಹುದಿತ್ತು. ಹಳ್ಳಿಯ ಯಾವ ಗ್ಯಾರೇಜಿನಲ್ಲೂ ಅದನ್ನು ಬಿಚ್ಚಿ ಜೋಡಿಸುವ ಹುಡುಗರಿದ್ದರು.

ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಕಂಪನಿಯೇ ಇಲ್ಲವಾದ ಮೇಲೂ ಅದರ ಗಾಡಿಗಳು ದಶಕಗಟ್ಟಲೆ ಓಡಿದವು, ಇನ್ನೂ ಓಡುತ್ತಿವೆ. ಓಡಿಸಿದ್ದು ಯಾವ ಶೋರೂಮೂ ಅಲ್ಲ, ಗ್ಯಾರೇಜಿನ ಮೆಕ್ಯಾನಿಕ್‌ಗಳು.

ಕತ್ತಲಾದ ಮೇಲೆ ನಿಲ್ಲಬಾರದ ರಸ್ತೆ

ನಮ್ಮ ರಸ್ತೆಗೆ ಇನ್ನೊಂದು ಚರಿತ್ರೆಯೂ ಇದೆ. ವೀರಪ್ಪನ್ ಕಾಲದಲ್ಲಿ ಇಲ್ಲಿ ಗಾಡಿ ಕೆಡುವುದೆಂದರೆ ಜೀವದ ಪ್ರಶ್ನೆ. 1993ರ ಏಪ್ರಿಲ್ 9ರಂದು ಬೆಟ್ಟದಾಚೆಯ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. 2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಇದೇ ಕಾಮಗೆರೆಯಿಂದ ಅಪಹರಿಸಲಾಯಿತು. ಡಿಸೆಂಬರ್‌ನಲ್ಲಿ ಅವರ ಶವ ಕಾಡಿನಲ್ಲಿ ಸಿಕ್ಕಿತು. ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರಂದು.

ಆ ವರ್ಷಗಳಲ್ಲಿ ಕತ್ತಲಾದ ಮೇಲೆ ಬೆಟ್ಟದ ದಾರಿಗೆ ಇಳಿಯಲು ಜನ ಹೆದರುತ್ತಿದ್ದರು. ಆ ಭಯ ಹೋಯಿತು. ಕಾಡು ಉಳಿದಿದೆ, 2013ರಲ್ಲಿ ವನ್ಯಜೀವಿಧಾಮವೂ ಆಯಿತು. ಇಂದೂ ಬೆಟ್ಟದ ದಾರಿಯ ಎಷ್ಟೋ ತಾವುಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಪಟ್ಟಣದಲ್ಲಿ ಕೂತು ‘ಲೊಕೇಶನ್ ಕಳಿಸಿ ಸರ್’ ಅನ್ನುವ ಕಾಲ್ ಸೆಂಟರಿಗೆ ಇದು ಅರ್ಥವಾಗಬೇಕು.

ಬೀಗ ಬಿದ್ದದ್ದು ಯಾವಾಗ?

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಅದರ ಬೆನ್ನಿಗೆ ಜಪಾನಿನ ತಂತ್ರಜ್ಞಾನದ ಬೈಕುಗಳು. 1991ರ ಆರ್ಥಿಕ ಸುಧಾರಣೆಯ ನಂತರ ಪೈಪೋಟಿ ಹೆಚ್ಚಿತು. ಸಾಲಿನಲ್ಲಿ ನಿಲ್ಲುತ್ತಿದ್ದ ನಮ್ಮನ್ನು ಕಂಪನಿಗಳೇ ಹುಡುಕಿಕೊಂಡು ಬಂದವು. ಉಚಿತ ಸರ್ವಿಸ್, ವಾರಂಟಿ, ದಾರಿಯಲ್ಲಿ ಕೆಟ್ಟರೆ ನೆರವು ಎಂಬ ಮಾತುಗಳು ಮಾರಾಟದ ಭಾಗವಾದವು. ಇದು ಒಳ್ಳೆಯ ಬದಲಾವಣೆ.

ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. ಗಾಡಿಯೊಳಗೆ ಕಂಪ್ಯೂಟರ್ ಬಂತು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್ 6 ಮಾನದಂಡ ಕಡ್ಡಾಯವಾಯಿತು. ಹೊಗೆ ಕಡಿಮೆ ಮಾಡಲು ಹೊಸ ಬೈಕು, ಮೊಪೆಡ್‌ಗಳಲ್ಲೂ ಕಾರ್ಬುರೇಟರ್ ಹೋಗಿ ಸೆನ್ಸರು, ಫ್ಯುಯೆಲ್ ಇಂಜೆಕ್ಷನ್ ಬಂದವು. ಗಾಳಿಗೆ ಒಳ್ಳೆಯದಾಯಿತು. ಆದರೆ ಸೆನ್ಸರ್ ಕೈಕೊಟ್ಟರೆ ಉಪ್ಪುಕಾಗದ ಕೆಲಸಕ್ಕೆ ಬರುವುದಿಲ್ಲ. ಸ್ಕ್ಯಾನರ್ ಚುಚ್ಚಿ ನೋಡಬೇಕು. ಆ ಸ್ಕ್ಯಾನರ್, ಅದರ ಸಾಫ್ಟ್‌ವೇರ್, ಅಸಲಿ ಬಿಡಿಭಾಗ ಎಲ್ಲ ಹೆಚ್ಚಾಗಿ ಕಂಪನಿಯ ವರ್ಕ್‌ಶಾಪಿನಲ್ಲಿ. ಇಪ್ಪತ್ತು ವರ್ಷ ಅನುಭವವಿರುವ ಹಳ್ಳಿಯ ಮೆಕ್ಯಾನಿಕ್ ಕೂಡ ‘ಶೋರೂಮಿಗೇ ತಗೊಂಡ್ಹೋಗಿ ಸಾರ್’ ಅನ್ನುವಂತಾಯಿತು.

ಈ ಬೀಗದ ವಿಷಯ 2011ರಲ್ಲೇ ದೆಹಲಿ ಮುಟ್ಟಿತ್ತು. ಕಾರು ಕಂಪನಿಗಳು ಬಿಡಿಭಾಗವನ್ನೂ ತಪಾಸಣೆಯ ಉಪಕರಣವನ್ನೂ ಹೊರಗಿನ ಗ್ಯಾರೇಜಿಗೆ ಕೊಡುವುದಿಲ್ಲ ಎಂದು ಗ್ರಾಹಕರೊಬ್ಬರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕಬಾರದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರಂದು ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಜಾಲತಾಣ ತೆರೆಯಿತು. ವಾಹನದ ಜೊತೆಗೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ.

ಕಾನೂನು ನಮ್ಮೂರಿಗೆ ಬಂದ ಬಗೆ

ಗ್ರಾಹಕರ ಕೈಗೆ ಮೊದಲ ಆಯುಧ ಸಿಕ್ಕಿದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿಂದ. ಹಣ ಪಡೆದು ಸರಿಯಾದ ಸೇವೆ ಕೊಡದಿದ್ದರೆ ಅದು ‘ಸೇವಾ ನ್ಯೂನತೆ’ ಎಂದು ಆ ಕಾಯ್ದೆ ಹೇಳಿತು. ಆದರೆ ಒಂದು ತೊಡಕಿತ್ತು. ದೂರನ್ನು ಎದುರುಪಕ್ಷದವರು ಇರುವ ಕಡೆ ಅಥವಾ ಘಟನೆ ನಡೆದ ಕಡೆ ಕೊಡಬೇಕಿತ್ತು. ಬೆಂಗಳೂರಿನಲ್ಲಿ ಕೊಂಡ ಗಾಡಿ ಬೆಂಗಳೂರಿನಲ್ಲೇ ಕೈಕೊಟ್ಟರೆ ಕಾಮಗೆರೆಯವರು ಅಲ್ಲಿಗೇ ಅಲೆಯಬೇಕು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆ ಈ ತೊಡಕು ಬಿಡಿಸಿತು. ಗ್ರಾಹಕರು ತಾವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗಾಡಿ ಎಲ್ಲೇ ಕೊಂಡಿರಲಿ, ಎಲ್ಲೇ ಕೆಟ್ಟಿರಲಿ, ನಮಗೆ ಚಾಮರಾಜನಗರದ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಹೊಟ್ಟೆಪಾಡಿಗೆ ತಾನೇ ಓಡಿಸಲು ಕೊಂಡ ಗೂಡ್ಸ್ ಆಟೊದವರೂ ಈ ಕಾಯ್ದೆಯಲ್ಲಿ ಗ್ರಾಹಕರೇ. ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಎಂದು ಕಾಯ್ದೆ ಹೇಳುತ್ತದೆ.

ಅದೇ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 110ಎ ಎಂಬ ಕಲಂ ಸೇರಿತು. ಒಂದು ಮಾದರಿಯ ಗಾಡಿಗಳಲ್ಲಿ ಅಪಾಯ ತರುವ ದೋಷ ಕಂಡರೆ ಆ ಗಾಡಿಗಳನ್ನೆಲ್ಲ ವಾಪಸು ಕರೆಸಿ ಸರಿಮಾಡಿಕೊಡಿ ಎಂದು ಸರ್ಕಾರ ಕಂಪನಿಗೆ ಆದೇಶಿಸಬಹುದು.

ಒಂದು ಎಚ್ಚರಿಕೆಯೂ ಇದೆ. ಡೀಲರ್ ಬೇರೆ, ಕಂಪನಿ ಬೇರೆ. 2021ರಲ್ಲಿ ಗೋವಾದ ಗ್ರಾಹಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡೀಲರ್ ಮಾಡಿದ ತಪ್ಪು ಕಂಪನಿಗೆ ಗೊತ್ತಿತ್ತು ಎಂದು ತೋರಿಸದಿದ್ದರೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದಿತು. ಹಾಗಾಗಿ ಶೋರೂಮಿಗೆ ಹೇಳಿದ್ದನ್ನು ಕಂಪನಿಗೂ ಬರೆದು ತಿಳಿಸಬೇಕು. ಬರೆದದ್ದೇ ಕಂಪನಿಗೆ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ.

ಗಾಡಿ ನಿಂತ ಮೇಲೆ

ಚರಿತ್ರೆ ಓದಿ ಮುಗಿಸುವ ಮೊದಲು ಕೈಗೆ ಬರುವ ನಾಲ್ಕು ಮಾತು.

ಗಾಡಿ ಕೊಳ್ಳುವಾಗಲೇ ದಾರಿ ನೆರವಿನ ಕಾಗದ ಓದಿಸಿ ಕೇಳಿ. ಎಷ್ಟು ಕಿಲೋಮೀಟರ್‌ವರೆಗೆ ಎಳೆದು ತರುತ್ತಾರೆ, ಆಮೇಲಿನ ದೂರಕ್ಕೆ ಎಷ್ಟು ಹಣ, ಹನೂರು ತಾಲ್ಲೂಕಿನ ಕಾಡು ರಸ್ತೆಗೂ ಬರುತ್ತಾರೆಯೇ, ಎಷ್ಟು ವರ್ಷ ಈ ನೆರವು? ಶೋರೂಮಿನ ಕೌಂಟರಿನಲ್ಲಿ ಕೇಳದ ಪ್ರಶ್ನೆಯನ್ನು ತಾಳಬೆಟ್ಟದಲ್ಲಿ ನಿಂತು ಕೇಳಿದರೆ ಉಪಯೋಗವಿಲ್ಲ. ವಿಮೆಯ ಜೊತೆಗೂ ಇಂಥ ನೆರವು ಇದೆಯೇ ನೋಡಿಕೊಳ್ಳಿ.

1033 ಎಂಬ ಸಹಾಯವಾಣಿ ರಾಷ್ಟ್ರೀಯ ಹೆದ್ದಾರಿಗಳಿಗೆ ಮೀಸಲು. ಕೊಳ್ಳೇಗಾಲದ ಮೂಲಕ ಹೋಗುವ ಬೆಂಗಳೂರು-ಕೊಯಮತ್ತೂರು ಹೆದ್ದಾರಿಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಕಾಮಗೆರೆ, ಹನೂರು, ಬೆಟ್ಟದ ರಸ್ತೆ ರಾಜ್ಯ ಹೆದ್ದಾರಿ. ಇಲ್ಲಿ ತೊಂದರೆಯಾದರೆ ಪೊಲೀಸ್ ನೆರವಿಗೆ 112, ರೋಗಿ ಇದ್ದರೆ 108.

ಗಾಡಿ ನಿಂತ ಜಾಗ, ಹೊತ್ತು, ಮೀಟರಿನ ಮೇಲೆ ಉರಿಯುವ ದೀಪ ಇಷ್ಟಕ್ಕೂ ಫೋಟೊ ತೆಗೆಯಿರಿ. ಫೋನಿನಲ್ಲಿ ಹೇಳಿದ್ದನ್ನು ಮೆಸೇಜಿನಲ್ಲೂ ಹಾಕಿ. ಶೋರೂಮಿಗೆ ಗಾಡಿ ಬಿಟ್ಟಾಗ ಜಾಬ್ ಕಾರ್ಡ್ ಪಡೆಯದೆ ಹೊರಬರಬೇಡಿ. ಅದರಲ್ಲಿ ನೀವು ಹೇಳಿದ ದೋಷವನ್ನೇ ಬರೆದಿದ್ದಾರೆಯೇ, ‘ಜನರಲ್ ಚೆಕಪ್’ ಎಂದು ಗೀಚಿದ್ದಾರೆಯೇ ನೋಡಿ. ಬದಲಿಸಿದ ಹಳೆಯ ಭಾಗವನ್ನು ತೋರಿಸಲು ಹೇಳಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲಾ ಆಯೋಗ.

ಹಳ್ಳಿಯವರು ಕಾಗದ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆ ಎಷ್ಟೋ ಕೌಂಟರುಗಳು ನಡೆಯುತ್ತಿವೆ. ಕೇಳಿದರೆ ಜಗಳಗಂಟರು ಅನ್ನುತ್ತಾರೆ ಎಂಬ ಸಂಕೋಚ ನಮ್ಮದು. ಎತ್ತಿನ ಗಾಡಿಯ ಗುಟ್ಟು ನಮ್ಮೂರಿನಲ್ಲೇ ಇತ್ತು, ಅದರ ಹೊಣೆಯನ್ನೂ ಊರೇ ಹೊತ್ತಿತು. ಜಾವಾದ ಗುಟ್ಟು ಗ್ಯಾರೇಜಿನಲ್ಲಿತ್ತು, ಹೊಣೆಯನ್ನು ಮೆಕ್ಯಾನಿಕ್ ಹೊತ್ತರು. ಇಂದು ಗುಟ್ಟನ್ನು ಪೆಟ್ಟಿಗೆಯೊಳಗಿಟ್ಟು ಬೀಗದ ಕೈಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಂಡಿರುವುದು ಕಂಪನಿ. ಹಾಗಾದರೆ ತಾಳಬೆಟ್ಟದಲ್ಲಿ ನಿಂತ ಗಾಡಿಯ ಹೊಣೆಯೂ ಅದರದ್ದೇ. ಹೊಣೆ ಬೇಡವೆಂದರೆ ಬೀಗದ ಕೈಯನ್ನು ನಮ್ಮೂರಿನ ಮೆಕ್ಯಾನಿಕ್ ಕೈಗೆ ಕೊಡಲಿ. ಕೈಯನ್ನೂ ಕೊಡೆ, ಹೊಣೆಯನ್ನೂ ಹೊರೆ ಎಂದರೆ ಅದನ್ನು ಒಪ್ಪಬೇಕಾಗಿಲ್ಲ.